ತಿಮ್ಮಯ್ಯ ಬಾಯಿ ಕಟ್ಟಿಕೊಂಡ ಹತ್ತು ದಿನ

ಬೈರಾಪಟ್ಟಣದಲ್ಲಿ ಯಾರ ಮನೆ ಭಾಗವಾದರೂ, ಯಾವ ಬದುವಿಗೆ ತಕರಾರು ಬಂದರೂ ತಿಮ್ಮಯ್ಯನನ್ನು ಕರೆಯಲೇಬೇಕು. ಐವತ್ತಾರು ವರ್ಷದ ರೈತ. ಎರಡೆಕರೆ ಹಿಪ್ಪುನೇರಳೆ, ಒಂದಿಷ್ಟು ತೆಂಗು. ಆಸ್ತಿಗಿಂತ ಬಾಯೇ ದೊಡ್ಡದು ಎಂದು ಊರವರು ನಗುತ್ತಿದ್ದರು.

ಅಂಥವನ ದನಿ ಕಟ್ಟಿ ಐದು ತಿಂಗಳಾಗಿತ್ತು. ಬೀಡಿ ಜಾಸ್ತಿಯಾಯಿತು ಎಂದು ಅವನು, ಶೀತ ಎಂದು ಔಷಧಿ ಅಂಗಡಿಯವನು. ಕಡೆಗೆ ಮಗಳು ಸೌಮ್ಯ ಹಟ ಹಿಡಿದು ಬೆಂಗಳೂರಿಗೆ ಕರೆದೊಯ್ದಳು. ಗಂಟಲೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್.

"ಬೇಗ ಬಂದಿದ್ದೀರಿ. ಒಂದೇ ಸ್ವರತಂತುವಿನ ಮೇಲಿದೆ. ಕತ್ತು ಕುಯ್ಯೋದಿಲ್ಲ, ಬಾಯೊಳಗಿಂದಲೇ ಲೇಸರ್‌ನಲ್ಲಿ ತೆಗೀತೀವಿ" ಎಂದರು ಡಾಕ್ಟರು.

ಹಾಗೇ ಆಯಿತು. ಎಚ್ಚರವಾದಾಗ ತಿಮ್ಮಯ್ಯ ಕತ್ತು ತಡವಿಕೊಂಡ, ಗಾಯವಿಲ್ಲ, ಹೊಲಿಗೆಯಿಲ್ಲ. ಮರುದಿನವೇ ಮನೆ. ಆದರೆ ಹತ್ತು ದಿನ ಒಂದಕ್ಷರ ಆಡಕೂಡದು, ಪಿಸುಗುಟ್ಟಲೂ ಕೂಡದು. ತೆಗೆದ ಜಾಗದ ಅಂಚಿನಲ್ಲಿ ರೋಗ ಉಳಿದಿದೆಯೋ ಇಲ್ಲವೋ ಎನ್ನುವ ರಿಪೋರ್ಟು ಆಮೇಲೆ.

ತಿಮ್ಮಯ್ಯ ಕೂತಲ್ಲಿ ಕೂರಲಿಲ್ಲ. ರೇಷ್ಮೆ ಹುಳುಮನೆಗೆ ಹೋದ, ಜಗಲಿಗೆ ಬಂದ, ತೋಟದ ತನಕ ಹೋಗಿ ಯಾಕೆ ಹೋದೆನೆಂದು ತಿಳಿಯದೆ ಹಿಂದಿರುಗಿದ. ಎದುರು ಸಿಕ್ಕವರು ಮಾತಾಡಿಸಿದರೆ ಕೈ ಆಡಿಸಿ ದಾಟಿಕೊಂಡ.

"ಒಸಿ ಕೂತ್ಕಳಿ. ಕಾಲು ಸುಟ್ಟ ಬೆಕ್ಕಿನಂಗೆ ತಿರುಗ್ತಿದ್ದೀರಲ್ಲ" ಎಂದು ಹೆಂಡತಿ ಚಿಕ್ಕಲಕ್ಷ್ಮಮ್ಮ ಗದರಿದಳು.

ಆರನೆಯ ದಿನ ಗುಡೇಮಾರನಹಳ್ಳಿಯಿಂದ ಗಂಡಿನವರು ಸೌಮ್ಯಳನ್ನು ನೋಡಲು ಬಂದರು. ಮುಂಚೆಯೇ ಗೊತ್ತಾಗಿದ್ದ ದಿನ. ಕ್ಯಾನ್ಸರ್ ಎಂಬ ಮಾತು ಹೊರಗೆ ಬರಕೂಡದೆಂದು ತಿಮ್ಮಯ್ಯ ಮೊದಲೇ ಬರೆದು ತೋರಿಸಿದ್ದ. ಹೆಂಡತಿ ಅದರಂತೆ ಬಂದವರಿಗೆ "ಗಂಟಲು ನೋವು ಇವರಿಗೆ" ಎಂದಷ್ಟೇ ಹೇಳಿದಳು.

ಗಂಡಿನ ಕಡೆ ಮಾತೆಲ್ಲ ಹುಡುಗನ ಸೋದರಮಾವ ಅನಂತರಾಜುವಿನದು. ಹಿಂದಾಗಿದ್ದರೆ ಎದುರಿನವನು ಮಾತಾಡುವಾಗ ತಿಮ್ಮಯ್ಯ ತನ್ನ ಮಾತನ್ನು ಮಸೆಯುತ್ತಿದ್ದ. ಇವತ್ತು ಕೇಳುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಕೇಳುತ್ತ ಕೇಳುತ್ತ ಗುರುತು ಹತ್ತಿತು. ತಗಡಿನ ಮೇಲೆ ಮರಳು ಎಳೆದಂಥ ದನಿ; ಮಾತುಮಾತಿಗೂ ಕ್ಯಾಕರಿಕೆ. ಐದು ತಿಂಗಳು ತನ್ನ ಗಂಟಲಲ್ಲಿದ್ದದ್ದು ಇದೇ.

ಎದ್ದು ಹೊರಗೆ ಹೋದ, ಒಳಗೆ ಬಂದ, ಮತ್ತೆ ಹೋದ. ದನಿಯ ಬಗ್ಗೆ ಕೇಳಿದರೆ ಸಂಬಂಧ ಕೆಡುತ್ತದೆ. ಕೇಳದಿದ್ದರೆ? ಕೊನೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ಮುಂದೆ ಹಿಡಿದ: 'ನಿಮ್ಮ ದನಿ ಎಷ್ಟು ದಿನದಿಂದ ಹಿಂಗೈತೆ?'

ಅನಂತರಾಜು ನಕ್ಕ. "ನಾಕು ತಿಂಗ್ಳಾಯ್ತು. ಯಾಕ್ರೀ ಯಜಮಾನ್ರೇ?"

ತಿಮ್ಮಯ್ಯ ಹಾಳೆ ಮಗುಚಿದ. ಮತ್ತೆ ಬರೆದ: 'ನನಗೂ ಹಿಂಗೇ ಇತ್ತು. ಕ್ಯಾನ್ಸರ್ ಅಂದರು. ತೋರಿಸಿ.'

ಅನಂತರಾಜುವಿನ ಮುಖ ಕೆಂಪಾಯಿತು. "ಹೆಣ್ಣು ಕೇಳಕ್ಕೆ ಬಂದ್ರೆ ರೋಗ ಕಟ್ಟಿ ಕಳಿಸ್ತೀರೇನ್ರೀ?" ಎಂದು ಎದ್ದ. ಉಪ್ಪಿಟ್ಟು ತಟ್ಟೆಯಲ್ಲೇ ಉಳಿಯಿತು. ಎಲ್ಲರೂ ಕಾರು ಹತ್ತಿ ಹೊರಟರು.

"ಮಾತಾಡ್ಬ್ಯಾಡಿ ಅಂದ್ರೆ ಬರ್ದು ಕೆಡಿಸುದ್ರಲ್ಲ!" ಚಿಕ್ಕಲಕ್ಷ್ಮಮ್ಮ ಸೆರಗು ಕಣ್ಣಿಗೊತ್ತಿಕೊಂಡಳು.

"ಬುಡವ್ವ. ಗೊತ್ತಿದ್ದೂ ಸುಮ್ನಿರಕ್ಕಾಯ್ತದಾ?" ಎಂದು ಸೌಮ್ಯ ತಟ್ಟೆ ಎತ್ತಿದಳು.

ಉಳಿದ ನಾಲ್ಕು ದಿನ ಅವನಿಗೆ ನಿದ್ದೆ ಹತ್ತಲಿಲ್ಲ. ರಿಪೋರ್ಟಿನ ಚಿಂತೆ ಒಂದು ಕಡೆ, ಮಗಳ ಮುಖ ಒಂದು ಕಡೆ. ಅವಳು ಬೇಸರ ತೋರಿಸಲಿಲ್ಲ. ಅದು ಇನ್ನೂ ಚುಚ್ಚಿತು. ಗುಡೇಮಾರನಹಳ್ಳಿಯವರು ಜಾತಕ ಕೂಡಲಿಲ್ಲವೆಂದು ಹೇಳಿ ಕಳಿಸಿದರು.

ಹತ್ತನೆಯ ದಿನ ಡಾಕ್ಟರು ಹಾಳೆ ತಿರುವಿ, "ಅಂಚಿನಲ್ಲಿ ಏನೂ ಉಳಿದಿಲ್ಲ. ಮಾತಾಡಿ ನೋಡೋಣ" ಎಂದರು.

ತಿಮ್ಮಯ್ಯನಿಗೆ ಹೆದರಿಕೆ. ಬಾಯಿ ತೆರೆದ, ಮುಚ್ಚಿದ. ಕೊನೆಗೆ ಗಾಳಿ ಬೆರೆತ ಬಡಕಲು ದನಿಯೊಂದು ಹೊರಟಿತು: "ಏನ್ ಮಾತಾಡ್ಲಿ?"

ದನಿ ಸುಧಾರಿಸಲು ಸಮಯ ಬೇಕು, ಬೀಡಿ ಮುಟ್ಟಕೂಡದು, ತಿಂಗಳಿಗೊಮ್ಮೆ ಬಂದು ತೋರಿಸಬೇಕು ಎಂದು ಕಳಿಸಿದರು.

ಮುಂದಿನ ತಿಂಗಳು ಆಸ್ಪತ್ರೆಯ ಬೆಂಚಿನ ಮೇಲೆ ಫೈಲು ಹಿಡಿದು ಕೂತಿದ್ದವನನ್ನು ಕಂಡು ತಿಮ್ಮಯ್ಯ ನಿಂತುಬಿಟ್ಟ. ಅನಂತರಾಜು. ಇವನನ್ನು ನೋಡಿ ಅವನು ಪಕ್ಕಕ್ಕೆ ಸರಿದು ಜಾಗ ಮಾಡಿದ.

"ಒಂದೇ ಕಡೆ ಐತಂತೆ. ನಾಳಿದ್ದು ಲೇಸರ್ರು" ಎಂದ. ಫೈಲು ತೊಡೆಯ ಮೇಲಿಟ್ಟು, "ಬೋ ನೋವಾಯ್ತದಾ?" ಎಂದು ಕೇಳಿದ.

"ನುಂಗುವಾಗ ಎರಡು ದಿನ. ಅಷ್ಟೇಯ."

ಹುಡುಗನ ಮಾತು, ಹುಡುಗಿಯ ಮಾತು ಇಬ್ಬರೂ ಎತ್ತಲಿಲ್ಲ. ಆಚೆ ಹೆಸರು ಕೂಗಿದಾಗೆಲ್ಲ ಇಬ್ಬರೂ ಒಟ್ಟಿಗೆ ತಲೆಯೆತ್ತುತ್ತಿದ್ದರು. ತಿಮ್ಮಯ್ಯನ ಸರದಿ ಬಂತು. ಪಂಚೆ ಸರಿಮಾಡಿಕೊಂಡು ಒಳಗೆ ಹೋದ. ಆ ತಿಂಗಳ ತಪಾಸಣೆಯಲ್ಲಿ ರೋಗದ ಸುಳಿವೇನೂ ಇರಲಿಲ್ಲ. ಹೊರಗೆ ಬಂದು ಅನಂತರಾಜುವಿಗೆ ಅದನ್ನೇ ಹೇಳಿದ.