ಹೊಲದ ಪಾಲು

ನಮ್ಮ ಹೊಲವನ್ನು ಊರಿನವರು ಇವತ್ತಿಗೂ ಶಿಕಾರಿ ಮಾಳ ಎಂದೇ ಕರೆಯುತ್ತಾರೆ. ಹೆಗ್ಗಡದೇವನಕೋಟೆಯಿಂದ ಎನ್. ಬೇಗೂರಿನ ಕಡೆಗೆ ಹೋಗುವಾಗ, ಕಾಡಂಚಿನ ಆನೆ ಕಂದಕಕ್ಕೆ ತಾಗಿಕೊಂಡಿರುವ ಏರುತಗ್ಗಿನ ನೆಲ ಅದು. ಒಂದು ಕಾಲದಲ್ಲಿ ದೊಡ್ಡವರು ಕೋವಿ ಹಿಡಿದು ಅಲ್ಲಿಗೆ ಬರುತ್ತಿದ್ದರು. ಅವರಿಗಾಗಿ ತಮಟೆ ಬಡಿದು ಮೃಗಗಳನ್ನು ಎಬ್ಬಿಸಿದವರ ಹೆಸರನ್ನು ಯಾರೂ ಎಲ್ಲಿಯೂ ಕೆತ್ತಿಸಲಿಲ್ಲ. ದೊಡ್ಡವರು ಹೋದ ಮೇಲೆ ಊರ ಗಂಡಸರು ಬಲೆ, ಉರುಳುಗಳೊಂದಿಗೆ ಬಂದರು. ಕಾಡಿನೊಳಗೆ ಬಾಳುತ್ತಿದ್ದವರನ್ನು ಹೊರಗೆ ತಂದು ಹಾಡಿಗಳಲ್ಲಿ ಕೂರಿಸಿದ ಮೇಲಂತೂ ಎಲ್ಲಿ ಜಿಂಕೆ ಸತ್ತರೂ ಅರಣ್ಯ ಇಲಾಖೆಯವರು ಮೊದಲು ಜಾಲಾಡುವುದು ಹಾಡಿಯ ಗುಡಿಸಲುಗಳನ್ನೇ. ಬಾಡನ್ನು ಕಾರಿನಲ್ಲಿ ಸಾಗಿಸುವವರ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

ನಾನು ಓದಿದ ಶಾಲೆಯಲ್ಲಿ ಬೆತ್ತ ಇರಲಿಲ್ಲ, ರ‍್ಯಾಂಕ್ ಇರಲಿಲ್ಲ. ಅನ್ಯಾಯ ಕಂಡರೆ ಅದರ ಹೆಸರು ಹಿಡಿದು ಹೇಳಬೇಕು ಎಂದು ನಮಗೆ ಕಲಿಸಿದ್ದರು. ಆ ಪಾಠವನ್ನು ನಾನು ಮರೆತಿಲ್ಲ. ಈಚೆಗೆ ಹೇಳಿ ಹೇಳಿ ದವಡೆ ನೋಯುತ್ತದೆ, ಅಷ್ಟೆ. ಸೋದರತ್ತೆಯಿಂದ ಆ ಹೊಲ ನನಗೆ ಬಂದಾಗ, ಇನ್ನು ಮೇಲೆ ಅಲ್ಲಿ ಒಂದು ಪ್ರಾಣಿಯೂ ಬೇಟೆಗೆ ಬೀಳಬಾರದು ಎಂದು ತೀರ್ಮಾನಿಸಿದೆ. ಬೇರೆಲ್ಲ ಹೋರಾಟಗಳಲ್ಲಿ ಸೋತರೂ ಇದೊಂದು ತುಂಡು ನೆಲದ ಮಟ್ಟಿಗೆ ಗೆಲ್ಲಬೇಕೆಂಬ ಆಸೆ. ಹೆಸರು ಬದಲಾದರೆ ನಡತೆಯೂ ಬದಲಾಗಬಹುದೆಂದು 'ಅಭಯ ಹೊಲ' ಎಂಬ ತಗಡಿನ ಫಲಕ ನಿಲ್ಲಿಸಿದೆ. ಮುಂದಿನ ಸಲ ಹೋದಾಗ ಅದು ಯಾರದೋ ಕೋಳಿಗೂಡಿನ ಬಾಗಿಲಾಗಿತ್ತು.

ಕೊಳದ ಯೋಚನೆ ಆಮೇಲೆ ಬಂದದ್ದು. ಬೇಟೆಯ ಹಿಂದೆ ಇರುವುದು ಬಾಡಿನ ಆಸೆ. ಬಾಡಿಗೆ ಬದಲಾಗಿ ಮೀನು ಸಿಕ್ಕರೆ ಉರುಳು ತಾನಾಗಿ ಮೂಲೆಗೆ ಬೀಳುತ್ತದೆ ಎಂದು ನಾನು ವಾದ ಕಟ್ಟಿದೆ. ಹಾಡಿಯ ಅಂಗನವಾಡಿಯ ಮಕ್ಕಳಿಗೂ ಮೀನು ಕೊಡುವುದಾಗಿ ಅಲ್ಲಿನ ಕಾರ್ಯಕರ್ತೆಗೆ ಮಾತು ಕೊಟ್ಟೆ. ಜೆಸಿಬಿ ತಂದು ತಗ್ಗನ್ನು ತೋಡಿಸಿದೆವು. ನೀರು ಇಂಗದಂತೆ ಹಳೆಯ ಕೆರೆಯ ಗೋಡುಮಣ್ಣು ಹಾಸಿ, ಎಮ್ಮೆಗಳನ್ನು ಓಡಾಡಿಸಿ ತುಳಿಸಿದೆವು. ಹೆಚ್ಚಾದ ನೀರು ಹೊರಹೋಗುವ ಕೋಡಿಯಲ್ಲಿ ಮೀನು ಕೊಚ್ಚಿಹೋಗದಂತೆ ಕಬ್ಬಿಣದ ಜಾಲರಿ ಬೇಕಾಗಿತ್ತು. ಹುಣಸೂರಿನಲ್ಲಿ ನಮ್ಮ ಮನೆಯ ಬೀದಿಯ ಕೊನೆಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿರುವ ಸಾಬರು ಅದನ್ನು ಅಳತೆಗೆ ಸರಿಯಾಗಿ ಮಾಡಿಕೊಟ್ಟರು.

"ಅಕ್ಕಾ, ಜಿಂದಗೀಲಿ ಎಲ್ಲಾರ್ಗೂ ಕಿಟ್ಕಿ ಗ್ರಿಲ್ ಮಾಡಿದೀನಿ. ಮೀನಿಗೆ ಜೈಲು ಮಾಡ್ತಿರೋದು ಇದೇ ಫಸ್ಟು. ಜಾಮೀನು ಯಾರು ಕೊಡ್ತಾರೆ?"

ಮುಂಗಾರಿನಲ್ಲಿ ಕೊಳ ತುಂಬಿತು. ಸಗಣಿ ಕದಡಿ ಬಿಟ್ಟು, ನೀರು ಹಸಿರು ತಿರುಗಿದ ಮೇಲೆ ಕಾಟ್ಲಾ, ರೋಹು, ಗೆಂಡೆ ಮರಿಗಳನ್ನು ತಂದೆವು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಒಮ್ಮೆಗೇ ಬಿಚ್ಚಬಾರದು. ಹಾಗೆಯೇ ನೀರಿನ ಮೇಲೆ ತೇಲಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ತಂಪಿಗೆ ಬರುವ ತನಕ ಕಾಯಬೇಕು. ಹಾಗೆ ಕಾಯುತ್ತಿದ್ದಾಗ ಪಕ್ಕದ ಹೊಲದ ಯಜಮಾನರು ಬಂದು ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತರು. ಅವರು ಹಿಂದೆ ಬೇಟೆಗೆ ಹೋಗುತ್ತಿದ್ದುದು ಎಲ್ಲರಿಗೂ ಗೊತ್ತು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ.

"ಬ್ಯಾಟೆ ಬ್ಯಾಡ ಅಂತ ಊರೂರಲ್ಲಿ ಏಳ್ತೀರಿ. ಮೀನು ಜೀವ ಅಲ್ವಾ ಕಣವ್ವ?"

ಸಾಕಿ ತಿನ್ನುವುದಕ್ಕೂ ಬೇಟೆಯಾಡಿ ತಿನ್ನುವುದಕ್ಕೂ ಇರುವ ಅಂತರ, ಆಹಾರದ ಹಕ್ಕು, ಕಾಡಿನ ಸಮತೋಲನ ಎಲ್ಲವನ್ನೂ ವಿವರಿಸಿದೆ. ಬೀಡಿ ಮುಗಿಯುವವರೆಗೆ ಅವರು ಕೇಳಿಸಿಕೊಂಡರು.

"ಎಲ್ಲ ಸರಿ ಅಣ್ಣ, ಇನ್ನು ಮೇಲೆ ಯಾರಾದರೂ ನೀರು ಕಾಯಬೇಕಲ್ಲ" ಎಂದೆ. ನನ್ನ ಮನಸ್ಸಿನಲ್ಲಿದ್ದವರು ಮೀನುಗಳ್ಳರು. ಜೊತೆಗೆ ನೀರುಕಾಗೆ, ನೀರುನಾಯಿ.

"ನೀರಾ? ನಾ ಕಾಯ್ತೀನಿ ಬುಡವ್ವ. ನಮ್ಮಪ್ಪ ಕಾಯ್ದಂಗೆ ಈ ಸೀಮೇಲೇ ಯಾರೂ ನೀರ್ ಕಾಯ್ದೋರಿಲ್ಲ."

"ಕೂಲಿ ಎಷ್ಟು ಕೊಡಲಿ?"

"ಕೂಲಿ ಈಸ್ಕಂಡು ಯಾರಾದ್ರೂ ನೀರ್ ಕಾಯ್ತಾರಾ? ಏನ್ ಮಾತು ಅಂತ ಆಡ್ತೀರಿ!"

ಅಷ್ಟು ಸಂತೋಷ ನನಗೆ ಬಹಳ ಕಾಲದಿಂದ ಆಗಿರಲಿಲ್ಲ. ಬಿಳಿಕೆರೆಯಲ್ಲಿ ಬೇಟೆಯ ವಿರುದ್ಧ ನಾವು ನಡೆಸಿದ ಸಭೆಗೆ ಅವರನ್ನು ಕರೆದೊಯ್ದು, ಬೇಟೆ ಬಿಟ್ಟು ನೀರು ಕಾಯಲು ಮುಂದಾದವರು ಎಂದು ವೇದಿಕೆಯ ಮೇಲೆ ಕೂರಿಸಿದೆ. ಅವರು ಮೈಕನ್ನು ಬಾಯಿಗೆ ಒತ್ತಿಕೊಂಡು, "ನಮ್ದು ನೀರ್ ಕಾಯೋ ವಂಸ. ಈ ಅವ್ವ ಕೇಳುದ್ರು, ಒಪ್ಕಂಡೆ. ಕಾಯಕ್ಕೆ ತಾಳ್ಮೆ ಬೇಕು. ಕೆಮ್ಮಂಗಿಲ್ಲ, ಬೀಡಿ ಸೇದಂಗಿಲ್ಲ" ಎಂದರು. ಸಭೆ ಚಪ್ಪಾಳೆ ತಟ್ಟಿತು. ಬೀಡಿಯ ಮಾತನ್ನು ನಾನು ಆರೋಗ್ಯದ ಸಂದೇಶವೆಂದು ತಿಳಿದೆ.

ಬೇಸಿಗೆ ಬಂತು. ಕಾಡೊಳಗಿನ ಹಳ್ಳಗಳು ಒಣಗಿದವು; ನಮ್ಮ ಕೊಳದಲ್ಲಿ ಮಾತ್ರ ನೀರು ನಿಂತಿತ್ತು. ಒಂದು ದಿನ ಸಭೆ ಮುಗಿಸಿ ಮನೆಗೆ ಬಂದರೆ ನನ್ನ ಗಂಡ ಬಾಡಿನ ಸಾರು ಮಾಡಿದ್ದರು. ತುಂಡುಗಳು ತುಸು ಒರಟಾಗಿದ್ದವು. ಹಸಿದಿದ್ದೆ, ಮುದ್ದೆಯೊಂದಿಗೆ ಉಂಡೆ. "ಪಕ್ಕದ ಹೊಲದ ಯಜಮಾನರು ಬಸ್ಸಿನಲ್ಲಿ ಬಂದು ಕೊಟ್ಟುಹೋದರು. ಮುತ್ತುಗದ ಎಲೇಲಿ ಕಟ್ಟಿ ತಂದಿದ್ದರು. ಹೊಲದ ಪಾಲು ಅಂದರು. ಯಾವುದೋ ದೇವರ ಪರ ಇದ್ದಿರಬೇಕು" ಎಂದರು ಅವರು. ಪರ ಎಂದರೆ ಮರಿ ಕಡಿದು ಊರಿಗೆಲ್ಲ ಹಂಚುವ ಹಬ್ಬ. ನಾನೂ ಹಾಗೆಯೇ ಅಂದುಕೊಂಡೆ.

ಆ ವಾರವೇ ಹೊಲಕ್ಕೆ ಹೋದೆ. ದಡದ ಮತ್ತಿಮರದಲ್ಲಿ ಗಳು ಕಟ್ಟಿ ಅಟ್ಟಣೆ ಮಾಡಿದ್ದರು. ಮೀನು ಕಾಯುವವರಾದರೆ ಅದರ ಮುಖ ಕೋಡಿಯ ಕಡೆಗೆ ಇರಬೇಕಾಗಿತ್ತು. ಇದು ಕಂದಕ ಕುಸಿದು ಪ್ರಾಣಿಗಳು ನೀರಿಗೆ ಇಳಿಯುವ ಜಾಡಿನ ಕಡೆಗೆ ಇತ್ತು. ಕೆಳಗೆ ಮಣ್ಣು ಕಪ್ಪಗೆ ಗಟ್ಟಿಯಾಗಿತ್ತು. ಅದರಲ್ಲಿ ಕಂದು ಕೂದಲು, ನಡುನಡುವೆ ಚುಕ್ಕೆಯ ಬಿಳಿ ಕೂದಲು; ಜಿಂಕೆಯದು.

ಅಣ್ಣ ತಮ್ಮ ಹೊಲದಿಂದಲೇ ಕೂಗಿದರು. "ಎಂಗಿತ್ತವ್ವ ಸಾರು?"

ಅವರು ಹತ್ತಿರ ಬಂದ ಮೇಲೆ ಅಟ್ಟಣೆಯ ಕಡೆ ಕೈ ತೋರಿಸಿದೆ. "ನೀರು ಕಾಯಿ ಅಂದರೆ ಇದಾ ಅಣ್ಣ ಮಾಡೋದು?"

"ಮತ್ತಿನ್ನೇನು? ಅಟ್ಟಣೆ ಮ್ಯಾಲೆ ಕುಂತು, ನೀರಿಗ್ ಬರೋದ ಕಾಯೋದು. ಅದನ್ನೇ ಅಲ್ವಾ ನೀರ್ ಕಾಯೋದು ಅನ್ನೋದು?"

"ನಾನು ಹೇಳಿದ್ದು ಮೀನಿಗೆ!"

"ಮೀನ ಯಾಕವ್ವ ಕಾಯಬೇಕು? ಅದು ನೀರೊಳಗೇ ಇರ್ತದೆ, ಎಲ್ಲಿಗ್ ಓಗ್ತದೆ?" ಅವರ ಮುಖದಲ್ಲಿ ಕಪಟವಿರಲಿಲ್ಲ, ನೋವಿತ್ತು. "ನಿಮಗ್ ಇಷ್ಟ ಇಲ್ಲ ಅಂದಿದ್ರೆ ಪಾಲ ಯಾಕ್ ತಕ್ಕಂಡ್ರಿ? ಮೃಗ ಬಿದ್ದ ಒಲದೋರ್ಗೆ ತೊಡೆ ಕೊಡೋದು ಕಟ್ಟಳೆ. ಒಲದೋರು ಬ್ಯಾಡ ಅಂದ್ರೆ ಆ ಒಲದಲ್ಲಿ ಯಾರೂ ಕೈ ಮಾಡಂಗಿಲ್ಲ. ನೀವು ಬ್ಯಾಡ ಅನ್ನಲಿಲ್ಲ."

ಫಲಕ, ಭಾಷಣ, ಕರಪತ್ರ ಯಾವುದೂ ಆ ಕಟ್ಟಳೆಯ ಲೆಕ್ಕಕ್ಕೆ ಬಂದಿರಲಿಲ್ಲ. ದೂರು ಕೊಡುವ ಯೋಚನೆ ಬಂತು. ಕೊಟ್ಟರೆ ಜೀಪು ಮೊದಲು ನಿಲ್ಲುವುದು ಹಾಡಿಯ ಮುಂದೆ. ತೂಬು ತೆಗೆದು ನೀರನ್ನೇ ಬಿಟ್ಟುಬಿಡೋಣವೆಂದರೆ, ಆ ಬಿಸಿಲಿನಲ್ಲಿ ಬೇರೆಲ್ಲಿಯೂ ನೀರಿರಲಿಲ್ಲ. ಏರಿಯ ಮೇಲೆ ಕುಳಿತೆ. ನನಗೆ ತುಂಬ ದಣಿವಾಗಿತ್ತು.

"ಈಗ ಹೇಳ್ತೀನಿ ಅಣ್ಣ. ನನಗೆ ಪಾಲು ಬೇಡ."

"ಬಾಯಲ್ಲಿ ಅಂದ್ರೆ ಆಗಕಿಲ್ಲ. ಪಾಲು ಬಾಗ್ಲಿಗೆ ಬಂದಾಗ ಬ್ಯಾಡ ಅನ್ನಬೇಕು. ತಿಂದಿದ್ದ ವಾಪಸ್ ಕೊಡಕ್ಕಾಯ್ತದಾ? ಮುಂದ್ಲುದ್ದು ಬಂದಾಗ ಅನ್ನಿ."

ಬೇಡ ಎನ್ನುವುದಕ್ಕೆ ಇನ್ನೊಂದು ಪ್ರಾಣಿ ಬೀಳಬೇಕು! ಜೀವನದಲ್ಲಿ ಎಷ್ಟೋ ಕುರುಡು ನಿಯಮಗಳ ಎದುರು ನಿಂತಿದ್ದೇನೆ. ಇಂಥದ್ದನ್ನು ಕಂಡಿರಲಿಲ್ಲ. ಕೋಡಿಯ ಬಳಿ ಒಂದು ಮೀನು ಪಳ್ ಎಂದು ಹಾರಿ ಬಿದ್ದಿತು.

"ಅದೂ ಈ ಹೊಲದ್ದೇ ಅಲ್ಲವಾ ಅಣ್ಣ? ಅದನ್ನೇ ಪಾಲು ಅಂತ ತಂದರೆ ಆಗಲ್ವಾ? ಮೀನು ಜೀವ ಅಲ್ವಾ ಅಂತ ನೀವೇ ಕೇಳಿದ್ದಿರಿ."

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು ನೀರಿನ ಕಡೆ ನೋಡಿದರು. "ಆಯ್ತದೆ" ಎಂದರು.

ಮರುದಿನ ಬೆಳಿಗ್ಗೆ ಹುಣಸೂರಿನ ನಮ್ಮ ಬಾಗಿಲಲ್ಲಿ ಎಲೆಯ ಪೊಟ್ಟಣ ಹಿಡಿದು ನಿಂತಿದ್ದರು. ಒಗೆದ ಪಂಚೆ ಉಟ್ಟಿದ್ದರು. ಎಲೆ ಬಿಚ್ಚಿ ತೋರಿಸಿದರು, ಒಳ್ಳೆಯ ಕಾಟ್ಲಾ.

"ಒಲದ ಪಾಲು ತಂದೀವ್ನಿ ಕಣವ್ವ."

"ಬೇಡ."

"ಸರಿಯಾಗಿ ಯೋಚ್ನೆ ಮಾಡಿ ಏಳಿ. ಬ್ಯಾಡ ಅಂದ್ರೆ ಆ ಒಲದ ಬಾಡು ಇನ್ ಯಾರ್ಗೂ ಇಲ್ಲ. ಮೀನೂ ಇಲ್ಲ. ನಿಮಗೂ ಇಲ್ಲ."

ಅಂಗನವಾಡಿಗೆ ಕೊಟ್ಟ ಮಾತು ನೆನಪಾಯಿತು. "ಬೇಡ ಅಣ್ಣ" ಎಂದೆ. ಆ ಮೀನನ್ನು ಅವರೇ ನಮ್ಮ ಸೀಬೆಗಿಡದ ಬುಡದಲ್ಲಿ ಹೂತರು. ಕೈ ತೊಳೆದು, ಕಾಫಿ ಕುಡಿದು ಬಸ್ಸಿಗೆ ಹೋದರು.

ಮೀನುಗಳು ಈಗ ಮೊಳದುದ್ದ ಬೆಳೆದಿವೆ. ಅಂಗನವಾಡಿಯ ಕಾರ್ಯಕರ್ತೆ ಮತ್ತೆ ಮತ್ತೆ ಕೇಳಿ ಈಗ ಕೇಳುವುದನ್ನು ಬಿಟ್ಟಿದ್ದಾರೆ; ಅವರ ಮುಂದೆ ಹಾದುಹೋಗುವಾಗ ನಾನು ಮೊಬೈಲು ನೋಡುತ್ತೇನೆ. ಜಾಲರಿಗೆ ಬಣ್ಣ ಬಳಿಯಲು ಬಂದ ಸಾಬರು, "ಎಲ್ಲಾರ್ಗೂ ಜೀವಾವಧೀನಾ ಅಕ್ಕಾ?" ಎಂದು ನಕ್ಕರು. ಅಟ್ಟಣೆ ಇನ್ನೂ ಇದೆ. ಸಂಜೆಯ ಹೊತ್ತು ಅಣ್ಣ ಬರಿಗೈಯಲ್ಲಿ ಅದರ ಮೇಲೆ ಕುಳಿತಿರುತ್ತಾರೆ. ಇನ್ನೇಕೆ ಎಂದು ಕೇಳಿದರೆ, "ಕಾಯಿ ಅಂದೋರು ನೀವೇ. ಸಾಕು ಅಂದಿಲ್ವಲ್ಲ" ಎನ್ನುತ್ತಾರೆ.

ಕಟ್ಟಳೆಯನ್ನು ಅವರು ಮುರಿಯಲಾರರು. ಬೇರೆಯವರ ಬಗ್ಗೆ ಹೇಳಲಾರೆ. ಹೋದಾಗಲೆಲ್ಲ ಮೊದಲು ದಡಕ್ಕೆ ಇಳಿದು, ನೀರಿಗೆ ಬಂದ ಗೊರಸುಗಳು ತಿರುಗಿ ಕಾಡಿನ ಕಡೆಗೆ ಹೋಗಿವೆಯೇ ಎಂದು ಬಗ್ಗಿ ನೋಡುತ್ತೇನೆ. ಒಂದರ ಮೇಲೊಂದು ತುಳಿದ ಕೆಸರಿನಲ್ಲಿ ಅದು ಸುಲಭವಾಗಿ ಗೊತ್ತಾಗುವುದಿಲ್ಲ.