ಕಮಲಾಕ್ಷ ಆಚಾರಿ ಕೆತ್ತಿದ ಮುಖ

ಕ್ಷಮಿಸುವವನೇ ದೊಡ್ಡವನು ಎನ್ನುವವರಿಗೆ ಈ ಕಥೆ ಹಿಡಿಸಲಿಕ್ಕಿಲ್ಲ. ಹಿಡಿಸದಿದ್ದರೆ ಬಿಡಲಿ.

ಕಮಲಾಕ್ಷ ಆಚಾರಿ ಕಾರ್ಕಳ ಕಡೆಯವನು. ಗಲ್ಫಿನ ಮನಾಮದ ಚಿನ್ನದ ಪೇಟೆಯಲ್ಲಿ, ನಮ್ಮ ಕಡೆಯವರೇ ಆದ ಶೇಟ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂಬತ್ತು ವರ್ಷ ನನ್ನ ಪಕ್ಕದಲ್ಲೇ ಕೂತು ಕೆಲಸ ಮಾಡಿದ. ಸರ, ಬಳೆ ನಾವೂ ಮಾಡುತ್ತಿದ್ದೆವು. ಚಿನ್ನದ ಮೇಲೆ ಮನುಷ್ಯನ ಮುಖ ಮೂಡಿಸುವುದು ಮಾತ್ರ ಅವನೊಬ್ಬನಿಂದಲೇ ಆಗುತ್ತಿತ್ತು. ಮಾತು ಕಡಿಮೆ, ಸಿಟ್ಟು ಮೂಗಿನ ತುದಿಯಲ್ಲಿ.

೧೯೮೧ರಲ್ಲಿ ಊರಿನಿಂದ ಟೆಲಿಗ್ರಾಂ ಬಂತು: ಅಮ್ಮ ಸೀರಿಯಸ್, ಕೂಡಲೇ ಹೊರಡು. ಬಂದದ್ದು ಶೇಟ್ರ ಕೈಗೆ. ದೊಡ್ಡ ಮದುವೆಯ ಆರ್ಡರ್ ಅರ್ಧದಲ್ಲಿತ್ತು. ಅವರು ಟೆಲಿಗ್ರಾಂ ಡ್ರಾಯರಿಗೆ ಸೇರಿಸಿ, ಕೊನೆಯ ನೆಕ್ಲೇಸಿಗೆ ಪಾಲಿಶ್ ಆದ ಮೇಲೆ, ಹದಿನಾರನೆಯ ದಿನ ಕೊಟ್ಟರು. ಅಷ್ಟರಲ್ಲಿ ಊರಿನಲ್ಲಿ ಅಮ್ಮನ ಉತ್ತರಕ್ರಿಯೆಯ ಬೊಜ್ಜವೂ ಮುಗಿದಿತ್ತು.

"ನೀನು ಹೋಗಿ ಎಂತ ಮಾಡ್ತಿದ್ದೆ? ಡಾಕ್ಟರಾ ನೀನು?" ಎಂದರು ಶೇಟ್ರು.

ಹೆತ್ತವಳ ಬಾಯಿಗೆ ನೀರು ಬಿಡಲಾಗದವನಿಗೆ ಹೇಳುವ ಮಾತೇ ಅದು? ಕಮಲಾಕ್ಷ ಟೆಲಿಗ್ರಾಂ ಮಡಚಿ ಜೇಬಿಗಿಟ್ಟು ಮತ್ತೆ ಕೆಲಸಕ್ಕೆ ಕೂತ.

ಕೆಲವು ತಿಂಗಳ ಮೇಲೆ ಅದೇ ಊರಿನ ಅದ್ಲಿಯಾದಿಂದ ಅಗಸ್ಟಿನ್ ಪೊರ್ಬುಗಳು ಬಂದರು. ಬ್ಯಾಂಕಿನ ಗುಮಾಸ್ತರು, ಹಳೆಯ ನಾಣ್ಯದ ಹುಚ್ಚು. ರೋಮಿನ ಒಂದು ತಾಮ್ರದ ನಾಣ್ಯಕ್ಕೆ ಬೆಳ್ಳಿಯ ಕಟ್ಟು ಹಾಕಿಸಬೇಕಿತ್ತು. ಅದರಲ್ಲಿದ್ದ ರಾಜನ ಮುಖದ ತುಂಬ ಗೀರು. ಗೀರು ಕಂಡರೆ ಆಚಾರಿಯ ಕೈ ಸುಮ್ಮನಿರುತ್ತದೆಯೇ? ಕಮಲಾಕ್ಷ ಕೇಳದೆಯೇ ತಿಕ್ಕಿ ನಯ ಮಾಡಲು ಹೊರಟ. ಪೊರ್ಬುಗಳು ಗಾಬರಿಯಾಗಿ ಕೈ ಹಿಡಿದರು.

"ಮುಟ್ಬೇಡ ಮಾರಾಯ. ಸವೆದದ್ದಲ್ಲ ಅದು. ರಾಜ ಬಿದ್ದ ಮೇಲೆ ಅವನ ಮೇಲಿನ ಸಿಟ್ಟಿಗೆ ಬೇಕಂತಲೇ ಉಳಿಯಲ್ಲಿ ಹೊಡೆದದ್ದು. ಅವನ ಮುಖ ಇನ್ನು ಯಾರಿಗೂ ಕಾಣ್ಬಾರ್ದು ಅಂತ."

ಅವರು ಹೋದ ಮೇಲೆ ಕಮಲಾಕ್ಷ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. "ಮೊದಲನೇ ಏಟು ಹೆದರಿ ಹೊಡ್ದದ್ದು. ಎರಡನೇದ್ರಲ್ಲಿ ಹೆದರಿಕೆ ಇಲ್ಲ" ಎಂದ.

ಮರುವರ್ಷ ಅಂಗಡಿಗೆ ಇಪ್ಪತ್ತೈದು ತುಂಬಿತು. ತಮ್ಮದೇ ಮುಖದ ಚಿನ್ನದ ಪದಕವಾಗಬೇಕೆಂದು ಶೇಟ್ರಿಗೆ ಆಸೆ. ಕಮಲಾಕ್ಷ ಎರಡು ತಿಂಗಳು ಕೂತು ಕೆತ್ತಿದ. ಕೆನ್ನೆಯ ನರಹುಲಿಯನ್ನೂ ಬಿಡಲಿಲ್ಲ. ಶೇಟ್ರು ನೋಡಿ ಉಬ್ಬಿಹೋದರು. ಊರಿಗೆ ಹೋಗಬೇಕೆಂದು ಅವನು ಕೇಳಿದಾಗ ಅದೇ ಖುಷಿಯಲ್ಲಿ, ತಮ್ಮ ಬಳಿ ಇಟ್ಟುಕೊಂಡಿದ್ದ ಅವನ ಪಾಸ್‌ಪೋರ್ಟ್ ಕೊಟ್ಟರು. ಪದಕಕ್ಕೆ ಕೊನೆಯ ಪಾಲಿಶ್ ಇದೆಯೆಂದು ಅವನು ಒಂದು ದಿನ ತನ್ನ ಬಳಿಯೇ ಇಟ್ಟುಕೊಂಡ.

ಸಮಾರಂಭ ಅಂಗಡಿಯಲ್ಲೇ. ಪೇಟೆಯ ದೊಡ್ಡವರೆಲ್ಲ ಬಂದಿದ್ದರು. ಶೇಟ್ರು ಡಬ್ಬಿ ತೆರೆದರು. ಕಣ್ಣು, ಮೂಗು, ಬಾಯಿ, ಒಂದೂ ಉಳಿದಿರಲಿಲ್ಲ. ಎಲ್ಲದರ ಮೇಲೂ ಉಳಿಯ ಏಟು.

"ಕಳ್ಳ, ಚಿನ್ನ ಕೆರೆದಿದ್ದಾನೆ" ಎಂದರು ಶೇಟ್ರು, ಕನ್ನಡದಲ್ಲೇ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎನ್ನುವ ಗಾದೆ ನಮ್ಮ ಜಾತಿಯ ಬೆನ್ನು ಬಿಟ್ಟದ್ದುಂಟೇ?

"ತೂಕ ಮಾಡಿ" ಎಂದ ಕಮಲಾಕ್ಷ.

ತಕ್ಕಡಿಗೆ ಹಾಕಿದರು. ಒಂದು ಗುಲಗಂಜಿಯಷ್ಟೂ ಕಡಿಮೆಯಿರಲಿಲ್ಲ. ಮೊಂಡು ಉಳಿಯಲ್ಲಿ ಚಿನ್ನವನ್ನು ಒಳಗೊತ್ತಿದ್ದನೇ ಹೊರತು ಒಂದು ಚೂರೂ ಏಳಲು ಬಿಟ್ಟಿರಲಿಲ್ಲ.

"ಅಮ್ಮನ ಮುಖ ನೋಡ್ಲಿಕ್ಕೆ ನೀವು ನನ್ನನ್ನು ಬಿಡ್ಲಿಲ್ಲ ಶೇಟ್ರೆ" ಎಂದ ಅವನು. ಅಷ್ಟು ದಿನಗಳ ಮೇಲೆ ಅವರ ಕಣ್ಣಿಗೆ ಕಣ್ಣಿಟ್ಟು ಆಡಿದ ಮಾತು ಅದು. ನನ್ನ ಎದೆ ತಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

ಕನ್ನಡ ತಿಳಿಯದ ಪಕ್ಕದಂಗಡಿಯ ಯೂಸುಫ್ ಸಾಹೇಬರು ಪದಕವನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ, ಇದು ಯಾರ ಮುಖ ಎಂದು ಹಿಂದಿಯಲ್ಲಿ ಕೇಳಿದರು. ಮೂವತ್ತು ಜನ ಶೇಟ್ರನ್ನೇ ನೋಡುತ್ತಿದ್ದರು. ನನ್ನದು ಎನ್ನಲು ಅವರಿಗೆ ನಾಲಿಗೆ ಏಳಲಿಲ್ಲ.

"ಯಾರದ್ದೂ ಅಲ್ಲ" ಎಂದರು.

ಕಮಲಾಕ್ಷ ಅದನ್ನು ಕೇಳಿಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟ.