ಮೊರದ ಹಿಂದಿನಿಂದ ಕರೆದಾಗ

ಮೂರು ವರ್ಷದ ಹಿಂದಿನ ಮಾತು. ಆಗ ನಾನು ಹನೂರು ತಾಲ್ಲೂಕಿನ ಹೂಗ್ಯಂ ಹತ್ತಿರದ ಒಂದು ಹಳ್ಳಿಯಲ್ಲಿ ಅಂಗನವಾಡಿ ಟೀಚರ್ ಆಗಿದ್ದೆ. ನಾನು ಸ್ವಲ್ಪ ಮುಂಗೋಪಿ. ಮಕ್ಕಳಿಗೆ ಹೊಡೆಯುವವಳಲ್ಲ, ಆದರೆ ಬೈಗುಳ ಮಾತ್ರ ಇಡೀ ಬೀದಿಗೆ ಕೇಳುತ್ತಿತ್ತು.

ಆ ಬೈಗುಳಕ್ಕೆ ಹೆಚ್ಚು ಸಿಕ್ಕವಳು ಮಾದೇವಿ ಎಂಬ ಐದು ವರ್ಷದ ಹುಡುಗಿ. ಕರೆದರೆ ಬರುವುದಿಲ್ಲ, ಕೇಳಿದ್ದಕ್ಕೆ ಉತ್ತರವಿಲ್ಲ. "ಇವಳು ಸ್ವಲ್ಪ ದಡ್ಡಿ ಕಣಮ್ಮ, ಈ ಸಲ ಒಂದನೇ ಕ್ಲಾಸಿಗೆ ಸೇರಿಸಬೇಡಿ" ಎಂದು ಅವಳ ಅಜ್ಜಿ ಸಿದ್ದಮ್ಮನಿಗೆ ನಾನೇ ಹೇಳಿಬಿಟ್ಟಿದ್ದೆ.

ಅದೇ ಸಮಯಕ್ಕೆ ಹನೂರಿನಲ್ಲಿ ನಮಗೊಂದು ತರಬೇತಿ ನಡೆಯಿತು. ಅಕ್ಷರ ತಿದ್ದಿಸುವ ಮೊದಲು ಮಕ್ಕಳು ಮಾತಿನ ಸದ್ದುಗಳನ್ನು ಕಿವಿಯಲ್ಲೇ ಬಿಡಿಸಿಕೊಳ್ಳಬೇಕು, ಆಮೇಲೆ ಓದು ಸಲೀಸು ಎಂದರು. ಊರಿಗೆ ಬಂದವಳೇ ಆಟ ಶುರು ಮಾಡಿದೆ. ನಾನು "ಕ-ಡ-ಲೆ-ಕಾ-ಯಿ" ಎಂದರೆ ಒಂದೊಂದು ಸದ್ದಿಗೆ ಒಂದೊಂದು ಚಪ್ಪಾಳೆ. ನನ್ನ ಬಾಯನ್ನೇ ನೋಡುತ್ತಾ ಮಾದೇವಿ ಒಂದೂ ತಪ್ಪದೆ ತಟ್ಟಿದಳು! ಓಹೋ, ಬುದ್ಧಿ ಇದೆ, ಬರೀ ಹಟ ಎಂದು ನನಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಇನ್ನೊಂದು ಆಟ. ಮುಖಕ್ಕೆ ಮೊರ ಅಡ್ಡ ಹಿಡಿದು ಒಂದು ಸದ್ದು ಹೇಳುತ್ತೇನೆ, ಯಾರ ಹೆಸರು ಅದರಿಂದ ಶುರುವೋ ಅವರು ಏಳಬೇಕು. "ಮಾ" ಎಂದೆ. ನಮ್ಮ ಕಡೆ ಬಹಳ ಮಕ್ಕಳಿಗೆ ಬೆಟ್ಟದ ದೇವರು ಮಾದಪ್ಪನ ಹೆಸರೇ, ಅರ್ಧ ಕೋಣೆ ಎದ್ದು ನಿಂತಿತು. ಅವರನ್ನು ನೋಡಿ ಮಾದೇವಿಯೂ ಎದ್ದಳು. "ರಾ" ಎಂದೆ. ರಾಜು ಎದ್ದ, ಮಾದೇವಿಯೂ ಎದ್ದಳು. ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಮೊರದ ಹಿಂದಿನಿಂದಲೇ, "ಮಾದೇವಿ, ಕೂತ್ಕೊ" ಎಂದೆ. ಅವಳು ಮೊರ ನೋಡುತ್ತಾ ನಿಂತೇ ಇದ್ದಳು. ಮೊರ ಇಳಿಸಿ ಅದೇ ಮಾತು ಹೇಳಿದೆ. ತಟ್ಟನೆ ಕೂತಳು. ಇಷ್ಟು ದಿನ ಇವಳು ಕೇಳಿಸಿಕೊಳ್ಳುತ್ತಿದ್ದದ್ದು ಕಿವಿಯಿಂದಲ್ಲ, ನನ್ನ ತುಟಿ ನೋಡಿ!

ಅವಳನ್ನು ಕರೆದೊಯ್ಯಲು ಬಂದ ಸಿದ್ದಮ್ಮನಿಗೆ, "ಇವಳ ಕಿವಿ ಡಾಕ್ಟರಿಗೆ ತೋರಿಸಿ" ಎಂದೆ. ಉರಿದುಬಿದ್ದರು.

"ಏನ್ ಮಿಸ್ಸು ನೀವು? ಅವತ್ತು ದಡ್ಡಿ ಅಂದ್ರಿ, ಇವತ್ತು ಕೆಪ್ಪಿ ಅಂತೀರಾ? ಒಲದಲ್ಲಿ ಕಾಡಂದಿ ಓಡ್ಸಕೆ ತಗಡು ಬಡುದ್ರೆ ಮೊದ್ಲು ತಿರುಗಿ ನೋಡದೇ ಇವ್ಳು!"

ತಗಡಿನ ಸದ್ದು ಕೇಳಿದರೆ ಕಿವಿ ಸರಿ ಇದೆಯೆಂದೇ ಆ ಊರಿನವರ ನಂಬಿಕೆ. ನಾನು ವಾದ ಮಾಡಲಿಲ್ಲ. "ಅವಳ ಬೆನ್ನ ಹಿಂದೆ ನಿಂತು, ಮುದ್ದು ಮಾಡುವಾಗ ಕರೀತೀರಲ್ಲ, ಹಾಗೆ ಒಂದು ಸಲ ಕರೀರಿ" ಎಂದೆ.

"ಚಿನ್ನೀ..." ಎಂದರು ಸಿದ್ದಮ್ಮ. ಮಾದೇವಿ ಮಣ್ಣಿನಲ್ಲಿ ಗೆರೆ ಎಳೆಯುತ್ತಲೇ ಇದ್ದಳು. ಇನ್ನೊಮ್ಮೆ ಕರೆದರು. ಆಗಲೂ ಅವಳು ತಿರುಗಲಿಲ್ಲ.

"ಅಯ್ಯೋ ನನ್ ಕಂದಾ, ಕರುದ್ರೆ ಬರಕಿಲ್ಲ ಅಂತ ಒಡುದ್ಬುಟ್ನಲ್ಲಪ್ಪಾ ಮಾದಪ್ಪಾ!" ಎಂದು ಅಲ್ಲೇ ಕುಸಿದು ಕೂತು ಅತ್ತರು. ಹೊಡೆದದ್ದು ಅವರೊಬ್ಬರೇ ಅಲ್ಲ, ನನ್ನ ಮಾತಿನ ಏಟು ಅದಕ್ಕಿಂತ ದೊಡ್ಡದು ಅನ್ನಿಸಿತು.

ಕೊಳ್ಳೇಗಾಲದ ಆಸ್ಪತ್ರೆಗೆ ನಾನೂ ಜೊತೆಗೆ ಬಸ್ಸು ಹತ್ತಿದೆ. ಕಿವಿಯ ಪರದೆಯ ಹಿಂದೆ ನೀರು ಕಟ್ಟಿಕೊಂಡಿದೆ, ವಾಸಿಯಾಗುತ್ತದೆ ಎಂದರು ಡಾಕ್ಟರು. ಔಷಧಿ, ಮೈಸೂರಿನಲ್ಲಿ ಒಂದು ಸಣ್ಣ ಆಪರೇಷನ್, ಓಡಾಟ ಎಲ್ಲ ಮುಗಿಯಲು ಕೆಲವು ತಿಂಗಳು ಹಿಡಿಯಿತು. ಅವಳು ತಿರುಗಿ ಬಂದ ಮೊದಲ ದಿನವೇ ನಾನು ಹಳೇ ಚಾಳಿಯಲ್ಲಿ ಕೂಗಿದ್ದಕ್ಕೆ ಎರಡೂ ಕಿವಿ ಮುಚ್ಚಿಕೊಂಡು, "ಯಾಕ್ ಮಿಸ್ಸು ಇಂಗ್ ಅರಚ್ತೀರಿ?" ಎಂದಳು. ಆ ಜೂನ್‌ನಲ್ಲೇ ಒಂದನೇ ಕ್ಲಾಸಿಗೆ ಸೇರಿದಳು. ಈಗ ಅಜ್ಜಿಗೆ ಪಾಠ ಓದಿ ಹೇಳುತ್ತಾಳಂತೆ. ಅಂದಿನಿಂದ ಯಾವ ಮಗುವನ್ನೂ ದಡ್ಡ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವಳು ಶಾಲೆಗೆ ಸೇರುವ ಮೊದಲು ಒಂದು ದಿನ, ಹಿಂದೆ ಕೂತು ಅವಳಿಗೆ ಜಡೆ ಹಾಕುತ್ತಿದ್ದೆ. ಮನಸ್ಸು ತಡೆಯದೆ, ತೀರಾ ಮೆಲ್ಲಗೆ, "ತಪ್ಪಾಯ್ತು ಕಣವ್ವ" ಎಂದೆ.

"ಏನ್ ತಪ್ಪಾಯ್ತು ಮಿಸ್ಸು?" ಎಂದಳು ಮಾದೇವಿ, ತಿರುಗಿಯೂ ನೋಡದೆ.

ಜಡೆ ಅರ್ಧಕ್ಕೆ ಬಿಟ್ಟು ಅವಳನ್ನು ತಬ್ಬಿಕೊಂಡೆ. ಅಷ್ಟು ಸಂತೋಷ ನನಗೆ ಇನ್ಯಾವತ್ತೂ ಆಗಿಲ್ಲ.